ಮಹಡಿ ಅಕ್ಕನ ವಸುಮತಿ

ಅವರ ಬಲಗೈಯ ನಡುಬೆರಳು ಹಸಿರಾಗಿತ್ತು. ಬೆಳಿಗ್ಗೆ ಅಡುಗೆಯ ಹೊತ್ತಿನಲ್ಲಿ ಅಂಟಿದ ಅರಿಶಿನದ ಮೇಲೆ ಮಧ್ಯಾಹ್ನ ಪೆನ್ನಿನಿಂದ ಸೋರಿದ ನೀಲಿ ಮಸಿ ಕೂತು, ಉಗುರಿನ ಪಕ್ಕದ ಗಂಟು ಎಳೆ ಬಾಳೆಸುಳಿಯ ಬಣ್ಣಕ್ಕೆ ತಿರುಗಿಬಿಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಾನು ಅವರನ್ನು ಮೊದಲು ನೋಡಿದ್ದು ನಲ್ಲಿಯ ಹತ್ತಿರ. ಕೊಡದ ಕಂಠ ಹಿಡಿದಿದ್ದ ಆ ಬೆರಳನ್ನೇ ನೋಡುತ್ತಾ ನಿಂತುಬಿಟ್ಟಿದ್ದೆ.

"ಏನಿಲ್ಲ ಕಣೆ, ಸಾರು ಒಂದ್ಕಡೆ, ಕತೆ ಒಂದ್ಕಡೆ. ಎರಡಕ್ಕೂ ಇರೋದು ಇದೊಂದೇ ಕೈ" ಎಂದು ನಕ್ಕರು.

ಚಾಮರಾಜಪೇಟೆಯ ಆ ವಠಾರಕ್ಕೆ ನಾನು ಮದುವೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಮುಂದಿನ ದೊಡ್ಡ ಮನೆಯಲ್ಲಿ ಓನರು ಮತ್ತು ಅವರ ಹೆಂಡತಿ, ಪಕ್ಕದ ಮನೆಯಲ್ಲಿ ನಾವು. ಓನರ ಮನೆಯ ಜಗಲಿಗೆ ತಾಗಿಕೊಂಡೇ ಕಲ್ಲು ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು. ಅದರ ತುದಿಯ ಎರಡು ಕೋಣೆಗಳಲ್ಲಿ ಇವರು ಮತ್ತು ಇವರ ಯಜಮಾನರು ಇದ್ದರು. ಯಜಮಾನರದು ಮಾತೇ ಕಡಿಮೆ. ಮಕ್ಕಳಿರಲಿಲ್ಲ. ವಠಾರಕ್ಕೆಲ್ಲ ಇವರು ಮಹಡಿ ಅಕ್ಕ.

ಒಂದು ವಾರಪತ್ರಿಕೆಯಲ್ಲಿ ಅಕ್ಕನ ಧಾರಾವಾಹಿ ಬರುತ್ತಿತ್ತು. ಕತೆ ಬರೆದು, ಕಳಿಸಿ, ವಾಪಸು ಬಂದದ್ದನ್ನು ತಿದ್ದಿ ಮತ್ತೆ ಕಳಿಸಿ, ಎಷ್ಟೋ ವರ್ಷ ಕಾದ ಮೇಲೆ ಸಿಕ್ಕ ಮೊದಲ ಧಾರಾವಾಹಿ. ಬರೆಯಲು ಅವರಿಗೆ ಮೇಜು ಕುರ್ಚಿ ಇರಲಿಲ್ಲ. ಅಡುಗೆಮನೆಯ ಗೋಡೆಗೆ ಒರಗಿ, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಬರೆಯುತ್ತಿದ್ದರು. ಪಾತ್ರಗಳ ಮಾತನ್ನೆಲ್ಲ ಮೊದಲು ಬಾಯಲ್ಲಿ ಆಡಿ ನೋಡುವ ಅಭ್ಯಾಸ. ನಾನು ಬಂದ ಹೊಸದರಲ್ಲಿ ಗಂಡ ಹೆಂಡತಿಗೆ ಜಗಳವಾಗುತ್ತಿದೆ ಎಂದು ಹೆದರಿ ನಮ್ಮತ್ತೆಯನ್ನು ಕರೆದಿದ್ದೆ. "ಅಯ್ಯೋ, ಆವಯ್ಯ ಆಫೀಸಲ್ಲವ್ರೆ. ಅದು ವಸುಮತಿ ಗಂಡ ಬೈತಿರೋದು" ಅಂದರು ನಮ್ಮತ್ತೆ.

ವಸುಮತಿ ಆ ಧಾರಾವಾಹಿಯ ನಾಯಕಿ. ಅಪ್ಪ ಅಮ್ಮ ಇಲ್ಲದ ಹುಡುಗಿ, ಕೈ ಮಾಡುವ ಗಂಡ. ನಮ್ಮ ವಠಾರದಲ್ಲಿ ಅವಳು ಇನ್ನೊಂದು ಬಾಡಿಗೆ ಮನೆಯಲ್ಲಿ ಇದ್ದಾಳೇನೋ ಎನ್ನುವ ಹಾಗೆ ಅವಳ ಮಾತು ನಡೆಯುತ್ತಿತ್ತು.

ನಮ್ಮ ಮಾವನವರದು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ನಮ್ಮತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಮನೆಯ ಮಾತು, ಆದರೆ ಓದಲು ಕೂತರೆ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತಿದ್ದೆ. "ಇಂಗ್ಲಿಷ್ ಓದಿರೋ ಸೊಸೆ, ಕನ್ನಡ ಬರಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಓದವ್ವ, ಆ ಹುಡ್ಗಿ ಏನಾದ್ಲು ನೋಡಾನ" ಎಂದು ನಮ್ಮತ್ತೆ ಒಂದು ಸೋಮವಾರ ಪತ್ರಿಕೆಯನ್ನು ನನ್ನ ಕೈಗಿಟ್ಟರು. ಅದಕ್ಕೆ ಮುಂಚೆ ಓದಿ ಹೇಳುತ್ತಿದ್ದವರು ಓನರ ಹೆಂಡತಿ. ಅವರಿಗೆ ಕನ್ನಡಕ ಹಾಕಿಕೊಂಡರೂ ಅಕ್ಷರ ಮಸುಕಾಗುತ್ತಿತ್ತು. ಜಗಲಿಯ ಮೇಲೆ ಎಲ್ಲರೂ ಕೂತರು. ನಾಲ್ಕನೇ ಸಾಲಿನಲ್ಲೇ 'ದಿಗ್ಭ್ರಮೆ' ಎಂಬ ಪದ ಬಂದು ನಾನು ನಿಂತುಬಿಟ್ಟೆ. ಬೆವರು ಬಂತು. ಆಗ ಮೆಟ್ಟಿಲ ಮೇಲಿನಿಂದ ದನಿ ಬಂತು: "ಅದು ದಿಗ್ಭ್ರಮೆ! ನಂದೇ ತಪ್ಪು ಕಣೆ, ಮುಂದಿನ ವಾರದಿಂದ ಸುಲಭದ ಪದ ಹಾಕ್ತೀನಿ!"

ಸುಲಭದ ಪದಗಳನ್ನೇನೂ ಹಾಕಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮೇಲೆ ಬಾ ಅಂದರು. ನಾನು ಕನ್ನಡ ಓದಲು ಕಲಿತದ್ದು ಆ ಅಡುಗೆಮನೆಯಲ್ಲಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲ ಹೇಳಿಕೊಡುತ್ತಿದ್ದರು. ವಸುಮತಿಯ ಕಷ್ಟ ಓದುತ್ತಾ ನನಗೆ ಅಳು ಬಂದರೆ ಗದರುತ್ತಿದ್ದರು. "ನೀನು ಅಳ್ಬೇಡ. ಅಳೋದು ಕೇಳೋರ ಕೆಲಸ. ಅವರ ಕೆಲಸ ನೀನ್ಯಾಕೆ ಮಾಡ್ತೀಯ?"

ಅವರ ಕತೆಯಲ್ಲಿ ಜನ ಹೊಟ್ಟೆ ತುಂಬ ಊಟ ಮಾಡುತ್ತಿದ್ದರು. ನಮ್ಮತ್ತೆಗೆ ಅದೇ ಇಷ್ಟ. ಒಂದು ಚಳಿಗಾಲ ನಲ್ಲಿಯ ಹತ್ತಿರ ಅಕ್ಕನನ್ನು ಹಿಡಿದುಕೊಂಡು, "ಆ ಹುಡ್ಗಿ ಸೊರಗೋಯ್ತು ಕಣಮ್ಮ. ಅವರೆಕಾಯಿ ಕಾಲ, ಒಂದ್ಸಲ ಅವರೆಕಾಳು ಸಾರು ಮುದ್ದೆ ತಿನ್ಸಿ ಅವಳಿಗೆ" ಅಂದರು. ಕೆಲವು ವಾರದ ಮೇಲೆ ವಸುಮತಿ ಗಂಡನ ಮನೆ ಬಿಟ್ಟು, ಒಂದು ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿ, ಒಂಟಿ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವ್ ಹಚ್ಚಿ ತನಗೇ ಎಂದು ಮೊದಲ ಸಲ ಅಡುಗೆ ಮಾಡಿಕೊಂಡಳು. ಅವರೆಕಾಳು ಸಾರು. ಆ ಸಾಲು ಓದಿದಾಗ ನಮ್ಮತ್ತೆ ಸುತ್ತಲೂ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಳಿಯನನ್ನು ಆರಿಸಿದವರಿಗೂ ಅಷ್ಟು ಜಂಬ ಇರುವುದಿಲ್ಲ.

ಓನರ ಮಗಳು ಬಂದದ್ದು ಆ ಹೊತ್ತಿಗೇ. ಒಂದು ಸಂಜೆ ಗೇಟಿನ ಮುಂದೆ ಆಟೋ ನಿಂತಿತು. ಅವಳು ಸಣ್ಣ ಟ್ರಂಕು ಹಿಡಿದು ಇಳಿದಳು. ಬಲಗಿವಿಯಲ್ಲಿ ಓಲೆ ಇತ್ತು. ಎಡಗಿವಿಗೆ ಸೆರಗು ಒತ್ತಿಕೊಂಡಿದ್ದಳು. ಒಳಗೆ ಹೋಗಿ ಸೆರಗು ತೆಗೆದಾಗ ನಾನೂ ಅಲ್ಲಿದ್ದೆ. ಓಲೆ ಹಿಡಿದು ಎಳೆದಿದ್ದರಿಂದ ಕಿವಿಯ ಹಾಲೆ ಸೀಳಿ ಎರಡಾಗಿತ್ತು. ಓನರ ಹೆಂಡತಿ ಕೂಗಲಿಲ್ಲ, ಅಳಲಿಲ್ಲ. ಹತ್ತಿ ತನ್ನಿ ಅಂದರು.

ಅವಳು ಹಾಗೆ ಬಂದದ್ದು ಅದು ಮೊದಲೇನಲ್ಲ. ಹಿಂದೆಯೂ ಬಂದಿದ್ದಳು. ಪ್ರತಿ ಸಲವೂ ಓನರೇ ಜೊತೆಗೆ ಹೋಗಿ ಬಿಟ್ಟು ಬಂದಿದ್ದರು. ಅವರು ಸರ್ಕಾರಿ ಆಫೀಸಿನಿಂದ ರಿಟೈರ್ ಆದವರು. ಕೆಟ್ಟವರಲ್ಲ, ಆದರೆ ನಿಯಮದ ಮನುಷ್ಯ. ಅಚ್ಚಾದ ಮಾತಿನ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. "ಅಚ್ಚಾಗಿದೆ ಅಂದ್ಮೇಲೆ ನಾಕು ಜನ ತಿಳಿದೋರು ನೋಡಿರ್ತಾರೆ" ಎನ್ನುವುದು ಅವರ ಮಾತು. ಧಾರಾವಾಹಿಯನ್ನು ಹೆಂಗಸರ ಓದು ಎಂದು ಮುಟ್ಟುತ್ತಿರಲಿಲ್ಲ, ಆದರೆ ಸೋಮವಾರ ನಾವು ಓದುವ ಹೊತ್ತಿಗೆ ಸರಿಯಾಗಿ ಅವರ ಈಸಿಚೇರು ಜಗಲಿಯ ಕಿಟಕಿಯ ಒಳಬದಿಗೆ ಬಂದಿರುತ್ತಿತ್ತು. ಮುಂದೆ ಪೇಪರ್ ಬಿಡಿಸಿರುತ್ತಿತ್ತು. ಪುಟ ಮಾತ್ರ ಮಗುಚುತ್ತಿರಲಿಲ್ಲ.

ಇದನ್ನು ಮೊದಲು ಗಮನಿಸಿದವರು ಅವರ ಹೆಂಡತಿ. ಅವತ್ತಿನಿಂದ ನನಗೆ ಸನ್ನೆ ಮಾಡುತ್ತಿದ್ದರು, ಜೋರಾಗಿ ಓದು ಎಂದು. ಗಂಡನಿಗೆ ನೇರವಾಗಿ ಹೇಳಲಾಗದ್ದನ್ನೆಲ್ಲ ಅವರು ವಸುಮತಿಯ ಬಾಯಲ್ಲಿ ಹೇಳಿಸುತ್ತಿದ್ದರು. ಅಕ್ಕನಿಗೂ ಇದು ಗೊತ್ತಿತ್ತು. ಕಿಟಕಿಯ ಒಳಗಿನ ಒಬ್ಬ ಕೇಳುಗನಿಗಾಗಿಯೇ ಬರೆಯುತ್ತಿದ್ದಾರೇನೋ ಅನ್ನಿಸುವಂಥ ಅಧ್ಯಾಯಗಳು ಬಂದವು. ವಸುಮತಿ ಇನ್ನೂ ಗಂಡನ ಮನೆಯಲ್ಲಿದ್ದಾಗ, ಅವಳ ಬೆನ್ನಿನ ಮೇಲೆ ಬರೆ ಎದ್ದ ವಾರ ಒಳಗಿನಿಂದ ಕೆಮ್ಮು ಕೇಳಿಸಿತ್ತು. ಮಾರನೆಯ ಬೆಳಿಗ್ಗೆ ಅಕ್ಕ ನೀರು ಹಿಡಿಯಲು ಇಳಿಯುತ್ತಿದ್ದಾಗ ಓನರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ನಾನು ನಲ್ಲಿಯಲ್ಲಿದ್ದೆ.

"ಅಲ್ಲಮ್ಮ, ಆ ಹುಡುಗಿಗೆ ತಂದೆ ಇಲ್ವಾ?" ಅಂದರು.

"ಇಲ್ಲ ಸಾರ್. ಮೊದಲನೇ ವಾರದಲ್ಲೇ ತೀರ್ಕೊಂಡಿದಾರೆ."

"ಅದಕ್ಕೇ. ಇದ್ದಿದ್ರೆ ಹೀಗಾಗಕ್ಕೆ ಬಿಡ್ತಿದ್ನಾ?" ಎಂದು ಹೇಳಿ ಒಳಗೆ ಹೋದರು.

ಅಳಿಯನ ಕಡೆಯವರು ಹೇಳಿಕಳಿಸಿದಾಗಲೆಲ್ಲ ಓನರು "ಇನ್ನು ಸ್ವಲ್ಪ ದಿನ ತಡೀರಿ" ಎನ್ನತೊಡಗಿದರು. ಯಾವುದಕ್ಕೆ ತಡೆಯಬೇಕು ಎಂದು ಬೀಗರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ವಸುಮತಿ ಗಟ್ಟಿಯಾಗಿ ನಿಂತರೆ ಓನರ ಮಗಳೂ ನಿಲ್ಲುತ್ತಾಳೆ. ಈಗ ಹೇಳಿದರೆ ನಗು ಬರುವಂಥ ಲೆಕ್ಕಾಚಾರ. ಆಗ ನಾವ್ಯಾರೂ ನಗಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಎಲ್ಲರದೂ ಓದಿಯಾದ ಮೇಲೆ ಧಾರಾವಾಹಿಯ ಪುಟಗಳನ್ನು ಬಿಡಿಸಿ ತೆಗೆದಿಟ್ಟು, ಕತೆ ಮುಗಿದಾಗ ಬಳೇಪೇಟೆಯಲ್ಲಿ ಬೈಂಡ್ ಮಾಡಿಸುವುದು. ಆ ಕೆಲಸ ಓನರ ಮಗಳ ಪಾಲಿಗೆ ಬಂದಿತ್ತು. ಈಳಿಗೆಮಣೆಯ ತುದಿಯಿಂದ ಪಿನ್ನು ಎಬ್ಬಿಸಿ, ಹಾಳೆ ಹರಿಯದ ಹಾಗೆ ಬಿಡಿಸಿ, ಅಕ್ಕಿ ಡಬ್ಬದ ಅಡಿಯಲ್ಲಿ ಇಡುತ್ತಿದ್ದಳು. ಮನೆಗೆ ಬಂದ ಮೇಲೆ ಅವಳು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಅದೊಂದೇ.

ಕತೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪತ್ರಿಕೆಯ ಸಂಪಾದಕರೇ ಸ್ಕೂಟರಿನಲ್ಲಿ ಬಂದರು. ನಾನು ಮೇಲೆಯೇ ಇದ್ದೆ. ಅಕ್ಕ ನನಗೆ ಕಾಫಿ ಬೆರೆಸಲು ಹೇಳಿ ಸೆರಗು ಸರಿಮಾಡಿಕೊಂಡು ಹೋದರು. ಸಂಪಾದಕರದು ಮೆತ್ತನೆಯ ದನಿ. "ಎಲ್ಲಾ ಚೆನ್ನಾಗಿದೆಯಮ್ಮ. ಮುಗಿಸೋದು ಮಾತ್ರ ಮಂಗಳವಾಗಿರ್ಲಿ. ಮನೆ ಒಡೆಯೋ ಕತೆ ಅಂತ ಗಂಡಸರು ಕಾಗದ ಬರೀತಿದಾರೆ. ಅವಳನ್ನ ಮನೆ ಸೇರಿಸಿಬಿಡಿ."

"ಅವಳು ಈಗ ಇರೋದೂ ಮನೇನೇ ಅಲ್ವಾ ಸಾರ್?" ಅಂದರು ಅಕ್ಕ.

ಸಂಪಾದಕರು ಇನ್ನೊಂದು ಗುಟುಕು ಕುಡಿದರು. "ಮುಂದಿನ ಧಾರಾವಾಹಿನೂ ನಿಮ್ಮ ಕೈಲೇ ಬರೆಸ್ಬೇಕು ಅಂತಿದೀನಿ. ಯೋಚನೆ ಮಾಡಿ" ಎಂದು ಲೋಟ ಕೆಳಗಿಟ್ಟರು. ಕಾಫಿಯನ್ನು ಅರ್ಧಕ್ಕೇ ಬಿಟ್ಟಿದ್ದರು.

ಅವರು ಹೋದ ಮೇಲೆ ಅಕ್ಕ ಆ ಲೋಟವನ್ನು ತೊಳೆಯುತ್ತಲೇ ಇದ್ದರು. "ಏನ್ಮಾಡ್ತೀರ ಅಕ್ಕ?" ಎಂದು ಕೇಳಿದೆ. "ನೋಡೋಣ" ಅಂದರು. ಆಮೇಲಿನ ದಿನಗಳಲ್ಲಿ ಮೇಲಿನಿಂದ ಪಾತ್ರಗಳ ಮಾತು ಕೇಳಿಸಲಿಲ್ಲ. ಅವರು ಬಾಯಿ ಮುಚ್ಚಿ ಬರೆದದ್ದು ಅದೇ ಮೊದಲು.

ಕೊನೆಯ ಕಂತು ಬಂದ ಸೋಮವಾರ ಓನರ ಹೆಂಡತಿ ಜಗಲಿಯನ್ನು ಎರಡು ಸಲ ಸಾರಿಸಿದ್ದರು. ಈಸಿಚೇರು ಕಿಟಕಿಗೆ ಇನ್ನೂ ಹತ್ತಿರ ಬಂದಿತ್ತು. ಓನರ ಮಗಳು ಕಂಬಕ್ಕೆ ಒರಗಿ ಕೂತಿದ್ದಳು. ಓದುವ ಮೊದಲು ಯಾರೂ ಪುಟ ತೆರೆಯಬಾರದು ಎಂಬುದು ನಮ್ಮ ನಿಯಮ. ಹಾಗಾಗಿ ಮುಂದಿನ ಸಾಲಿನಲ್ಲಿ ಏನಿದೆ ಎಂದು ನನಗೂ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ನೋಡಿದೆ. ನಾನು ಓದುವಾಗ ಅಕ್ಕ ಮೇಲಿನ ಮೆಟ್ಟಿಲಲ್ಲಿ ಕೂರುವುದು ವಾಡಿಕೆ. ಅವತ್ತು ಬಾಗಿಲು ಹಾಕಿತ್ತು.

ವಸುಮತಿಯ ಗಂಡನಿಗೆ ಜ್ವರ ಬಂತು. ಅವನು ಅವಳ ಬಾಗಿಲಿಗೆ ಬಂದು ತಟ್ಟಿದ. ಅವಳು ತೆರೆದಳು. ಅವನ ಕಣ್ಣಲ್ಲಿ ನೀರು ಕಂಡಳು. ಶಿಶುವಿಹಾರಕ್ಕೆ ರಾಜೀನಾಮೆ ಬರೆದು, ಟ್ರಂಕು ಕಟ್ಟಿ, ಅವನ ಹಿಂದೆ ಹೋಗಿ, ಆ ಮನೆಯಲ್ಲಿ ದೀಪ ಹಚ್ಚಿ, ಅವನಿಗೆ ಸಾರು ಬಡಿಸಿದಳು. ಓದುತ್ತಾ ಹೋದಂತೆ ನನ್ನ ದನಿ ನನಗೇ ಯಾರದೋ ಅನ್ನಿಸಿತು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಳ್ಳಲಾಗಲಿಲ್ಲ. 'ತನ್ನ ನೆಲೆ ಇದೇ ಎಂದು ಅವಳಿಗೆ ಅರಿವಾಯಿತು' ಎಂಬಲ್ಲಿಗೆ ಕತೆ ಮುಗಿದಿತ್ತು.

"ಮುಂದಕ್ಕೆ ಓದು" ಅಂದರು ನಮ್ಮತ್ತೆ.

"ಮುಗೀತು ಅತ್ತೆ."

"ಅದೆಂಗ್ ಮುಗೀತದೆ? ಇನ್ನೊಂದ್ ಹಾಳೆ ಅಂಟ್ಕೊಂಡಿರ್ತದೆ, ಸರಿಯಾಗ್ ನೋಡು." ನಾನು ತೋರಿಸಿದೆ. ಅವರಿಗೆ ಅಕ್ಷರ ಬರದಿದ್ದರೂ ಆ ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗ ಕಂಡಿತು. "ಅವರೆಕಾಳು ಸಾರ ನಾನ್ ಹೇಳಿದ್ದು ಅವಳಿಗೆ. ಅವನಿಗೆ ಬಡಿಸ್ಬುಟ್ಳಾ?"

ಒಳಗೆ ಈಸಿಚೇರು ಕಿರುಗುಟ್ಟಿತು. ಓನರು ಬಾಗಿಲಿಗೆ ಬಂದು ಕನ್ನಡಕ ತೆಗೆದರು. "ಕೇಳಿದ್ಯಾ? ಹೆಣ್ಣುಮಗಳೇ ಬರೆದಿದ್ದು. ಅಚ್ಚೂ ಆಗಿದೆ. ಇನ್ನು ನಾನು ಬೀಗರಿಗೆ ಏನಂತ ನೆಪ ಹೇಳ್ಲಿ? ಶುಕ್ರವಾರ ಬಂದು ಕರ್ಕೊಂಡು ಹೋಗಿ ಅಂತ ಹೇಳಿಕಳಿಸ್ತೀನಿ."

"ಅಯ್ಯೋ, ಅದು ಕತೆ ರೀ!" ಅಂದರು ಅವರ ಹೆಂಡತಿ.

"ಇಷ್ಟು ದಿನ ಕತೆ ಅಂತ ನೀನು ಹೇಳ್ಲೇ ಇಲ್ವಲ್ಲ?"

ಓನರ ಮಗಳು ಪತ್ರಿಕೆಯನ್ನು ಎತ್ತಿಕೊಳ್ಳಲಿಲ್ಲ. ಈಳಿಗೆಮಣೆಯೂ ಬರಲಿಲ್ಲ. ಆ ಸಂಚಿಕೆ ಜಗಲಿಯ ಮೇಲೆಯೇ ಬಿದ್ದಿತ್ತು.

ಆಮೇಲಿನ ಮೂರು ದಿನ ವಠಾರದಲ್ಲಿ ಜೋರು ಮಾತಿರಲಿಲ್ಲ. ಬೈಗುಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಓನರ ಹೆಂಡತಿ ದಿನಾ ಮುಂಬಾಗಿಲಿಗೂ ಮೆಟ್ಟಿಲ ಬುಡಕ್ಕೂ ರಂಗೋಲಿ ಹಾಕುತ್ತಿದ್ದರು. ಮಂಗಳವಾರದಿಂದ ಮೆಟ್ಟಿಲ ಬುಡ ಬರಿದಾಯಿತು. ಹಿತ್ತಲ ಗಿಡದ ಕರಿಬೇವಿನ ಎಸಳು ಮಹಡಿಗೆ ಹೋಗುವುದು ನಿಂತಿತು. ನೀರು ಹಿಡಿಯಲು ಇಳಿದ ಅಕ್ಕನಿಗೆ ಎಲ್ಲರೂ ಜಾಗ ಬಿಟ್ಟರು. ಆದರೆ ಅಷ್ಟು ದೂರ ಸರಿದು ಬಿಟ್ಟ ಜಾಗ ಅದು. ನಮ್ಮತ್ತೆ ಒಬ್ಬರೇ ಮಾತಾಡಿದರು, ಅದೂ ಕೊಡ ತುಂಬುವುದನ್ನೇ ನೋಡುತ್ತಾ: "ವಸುಮತಿ ಹೆಂಗವ್ಳಮ್ಮ? ಹೋಗಿ ಸೇರ್ಕೊಂಡ್ಲಲ್ಲ. ಮೈಕೈ ನೆಟ್ಟಗದಾ ಇನ್ನೂ?"

ಅಕ್ಕ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮೇಲೆ ಹೋದರು.

ಬುಧವಾರ ನಾನು ಕೊತ್ತಂಬರಿ ಸೊಪ್ಪು ಕೊಡುವ ನೆಪದಲ್ಲಿ ಓನರ ಮನೆಗೆ ಹೋದೆ. ಮಗಳು ಟ್ರಂಕಿಗೆ ಸೀರೆ ಮಡಿಸಿ ಇಡುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ, ಅಂಗೈಯಲ್ಲಿ ಸವರಿ, ನಿಧಾನಕ್ಕೆ. ನಾನೂ ಒಂದು ಸೀರೆಯ ತುದಿ ಹಿಡಿದೆ. ಅವಳು ದನಿ ಏರಿಸದೆ ಅಂದಳು: "ಮಹಡಿ ಅಕ್ಕ ಒಂದ್ಮಾತು ನನ್ನ ಕೇಳಿದ್ರೆ ಹೇಳ್ತಿದ್ದೆ ಕಣೆ, ವಾಪಸ್ ಹೋದ್ರೆ ಏನಾಗತ್ತೆ ಅಂತ. ನಾನು ಹೋಗಿ ನೋಡಿದೀನಲ್ಲ. ಅವರು ನೋಡಿಲ್ಲ."

ಗುರುವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಮುಂಚೆ, ನಾನು ಮೆಟ್ಟಿಲು ಹತ್ತಿದೆ. ನಮ್ಮತ್ತೆ ನೋಡಿದರು, ತಡೆಯಲಿಲ್ಲ. ಅಕ್ಕ ಬಾಗಿಲಿಗೆ ಬೆನ್ನು ಹಾಕಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಮೊದಲು ನೋಡಿದ್ದು ಆ ಬೆರಳನ್ನು. ಅದು ಬರೀ ಹಳದಿಯಾಗಿತ್ತು.

"ನಿನಗೂ ಕೋಪಾನಾ?" ಎಂದು ತಿರುಗದೆಯೇ ಕೇಳಿದರು.

"ನಾಳೆ ಬರ್ತಾರೆ ಅಕ್ಕ."

"ಗೊತ್ತು. ಟ್ರಂಕು ಎಳೆದದ್ದು ಕೇಳಿಸ್ತು."

ಓನರ ಮಗಳು ಆಡಿದ ಮಾತನ್ನು ನಾನು ಹಾಗೇ ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ. ಅವರೇ ಕಲಿಸಿದ ಹಾಗೆ, ನನ್ನ ಅಳು ಬೆರೆಸದೆ ಹೇಳಿದೆ. ಮೊರದ ಸದ್ದು ನಿಂತಿತು.

"ಆ ಅಧ್ಯಾಯ ಎರಡು ಸಲ ಬರೆದೆ ಕಣೆ" ಅಂದರು. "ಮೊದಲನೇ ಸಲ ಅವನು ಬಾಗಿಲು ತಟ್ಟಿದ, ವಸುಮತಿ ತೆಗೀಲಿಲ್ಲ. ಒಳಗೇ ನಿಂತಿದ್ಲು. ಚೆನ್ನಾಗಿತ್ತು ಅದು. ಅದನ್ನ ಒಲೆಗೆ ಹಾಕ್ದೆ. ಇನ್ನೊಂದ್ಸಲ ಬರೆಯೋವಾಗ್ಲೂ ಅವಳು ತೆಗೀಲಿಲ್ಲ. ನಾನೇ ಹೋಗಿ ತೆಗೆದೆ." ಮೊರ ಪಕ್ಕಕ್ಕಿಟ್ಟು, "ಮುಂದಿನದೂ ಕೊಡ್ತೀನಿ ಅಂದಿದ್ರಲ್ಲ. ಅದು ತಪ್ಪಿಹೋದ್ರೆ ಈ ಅಡುಗೆಮನೇಲಿ ನಾನು ಏನ್ಮಾಡ್ಲಿ ಅಂತ ಭಯ ಆಯ್ತು" ಅಂದರು.

ಎದ್ದರು. ಕೈ ತೊಳೆದರು. ಮೆಟ್ಟಿಲು ಇಳಿಯುವಾಗ ಎಂದೂ ಗೋಡೆ ಹಿಡಿಯದವರು ಅವತ್ತು ಹಿಡಿದುಕೊಂಡು ಇಳಿದರು. ನಾನು ಹಿಂದೆ.

ಓನರು ಜಗಲಿಯಲ್ಲಿಯೇ ಇದ್ದರು. ಓನರ ಹೆಂಡತಿ ಹೊಸಿಲ ಹತ್ತಿರ ದೀಪದ ಬತ್ತಿ ಹೊಸೆಯುತ್ತಿದ್ದರು. ನಮ್ಮತ್ತೆ ನಮ್ಮ ಬಾಗಿಲಲ್ಲಿ ನಿಂತರು. ಅಕ್ಕನಿಗೆ ಯಾರೂ ಕೂರಿ ಅನ್ನಲಿಲ್ಲ.

"ಸಾರ್, ಒಂದು ಮಾತು ಹೇಳೋದಿತ್ತು. ಆ ಕೊನೇ ಅಧ್ಯಾಯ ಸುಳ್ಳು."

ಓನರು ಹುಬ್ಬೇರಿಸಿದರು. "ಬರೆದೋರು ನೀವೇ ಅಲ್ವೇನಮ್ಮ?"

"ನಾನೇ. ಹೆದರಿಕೊಂಡು ಬರೆದೆ."

"ಅಚ್ಚಾಗಿದೆಯಲ್ಲ?"

"ಹೆದರಿ ಬರೆದದ್ದೂ ಅಚ್ಚಾಗತ್ತೆ ಸಾರ್. ಅದೇ ಬೇಗ ಅಚ್ಚಾಗತ್ತೆ."

"ಹಾಗಾದ್ರೆ ಅದಕ್ಕೆ ಹಿಂದಿನದೆಲ್ಲ? ಅದೂ ಸುಳ್ಳಾ? ಯಾವುದನ್ನ ನಂಬ್ಬೇಕು ನಾವು?" ಓನರ ದನಿ ಏರಿತು. ಅದು ಬರೀ ಸಿಟ್ಟಲ್ಲ ಅನ್ನಿಸಿತು ನನಗೆ. ನಮ್ಮೆಲ್ಲರಿಗೂ ಆಗಿದ್ದ ನೋವೇ ಅವರಿಗೂ ಆಗಿತ್ತು, ಮೋಸ ಹೋದವರ ನೋವು. "ವಾರಗಟ್ಟಲೆ ಕೂತು ಕೇಳಿದೀನಮ್ಮ. ಆ ಹುಡುಗಿ ಗಟ್ಟಿಗಿತ್ತಿ ಅಂದ್ಕೊಂಡಿದ್ದೆ."

ಅವರು ಕೇಳುತ್ತಿದ್ದರು ಎಂದು ಅವರ ಬಾಯಿಂದಲೇ ಬಂದದ್ದು ಅದೇ ಮೊದಲು. ಓನರ ಹೆಂಡತಿಯ ಕೈಯಲ್ಲಿ ಬತ್ತಿ ನಿಂತಿತು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದರು. "ಒಂದಿನ ಈ ಮೆಟ್ಟಿಲ ಹತ್ರ ನಿಂತು ನೀವು ನನ್ನ ಒಂದು ಪ್ರಶ್ನೆ ಕೇಳಿದ್ರಿ. ಜ್ಞಾಪಕ ಇದೆಯಾ ಸಾರ್? ವಸುಮತಿಗೆ ತಂದೆ ಇಲ್ವಾ ಅಂತ."

ಓನರು ಮೆಟ್ಟಿಲ ಬುಡದ ಕಡೆ ನೋಡಿದರು.

"ಇರ್ಲಿಲ್ಲ. ಅವಳಿಗೆ ಅಂತ ಇದ್ದೋಳು ನಾನೊಬ್ಬಳು. ನಾನೂ ಕೈ ಬಿಟ್ಟೆ, ಅದಕ್ಕೆ ವಾಪಸ್ ಹೋದ್ಲು. ನಿಮ್ಮ ಮಗಳಿಗೆ ತಂದೆ ಇದಾರೆ."

ಅಷ್ಟೇ. ಅವರು ತಿರುಗಿ ಮೆಟ್ಟಿಲು ಹತ್ತಿದರು. ಓನರು ಒಳಗೆ ಹೋಗಿ ರೂಮಿನ ಬಾಗಿಲು ಹಾಕಿಕೊಂಡರು. ರಾತ್ರಿ ಊಟಕ್ಕೂ ಏಳಲಿಲ್ಲವಂತೆ. ಟ್ರಂಕು ನಡುಮನೆಯಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಅಳಿಯ ಮತ್ತು ಅವನ ದೊಡ್ಡಪ್ಪ ಆಟೋದಲ್ಲಿ ಬಂದರು. ಓನರು ಗೇಟಿನಲ್ಲಿಯೇ ನಿಂತಿದ್ದರು. ಗೇಟು ತೆಗೆದಿರಲಿಲ್ಲ. ನಾವೆಲ್ಲ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಾ ನಿಂತಿದ್ದೆವು. ನಮ್ಮತ್ತೆಯ ಕೊಡ ತುಂಬಿ ಹರಿಯುತ್ತಿತ್ತು, ಅವರು ನಲ್ಲಿ ನಿಲ್ಲಿಸಿರಲಿಲ್ಲ.

"ಹೇಳಿಕಳಿಸಿದ್ರಲ್ಲ, ಹುಡುಗಿ ತಯಾರಾಗಿದಾಳಾ?" ಅಂದರು ದೊಡ್ಡಪ್ಪ.

"ಕಿವಿ ವಾಸಿಯಾಗ್ಲಿ. ಕಳಿಸ್ತೀನಿ" ಅಂದರು ಓನರು.

"ಏನ್ಸ್ವಾಮಿ ಇದು, ತಿಂಗಳುಗಟ್ಟಲೆ ಆಯ್ತಲ್ಲ?"

"ಇನ್ನೂ ಕೂಡಿಲ್ಲ."

ಹಾಲೆಯ ಎರಡು ತುಂಡೂ ಎಂದೋ ಬೇರೆ ಬೇರೆಯಾಗಿ ಮಾಗಿ ಹೋಗಿದ್ದವು. ಇನ್ನು ಅವು ತಾವಾಗಿ ಕೂಡುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಓನರು ಅಲ್ಲಿಯೇ ಕೂತಿದ್ದರು. ಅಳಿಯ ಏನೋ ಅನ್ನಲು ಬಾಯಿ ತೆರೆದ. ಓನರು ಅವನ ಮುಖ ನೋಡಿಕೊಂಡೇ ಗೇಟಿನ ಚಿಲಕವನ್ನು ಇನ್ನೊಮ್ಮೆ ಒತ್ತಿದರು. ಆಟೋ ಹೋಯಿತು. ಆಗ ನಮ್ಮತ್ತೆ ನಲ್ಲಿ ನಿಲ್ಲಿಸಿದರು.

ಹೊತ್ತೇರಿದ ಮೇಲೆ ಓನರ ಹೆಂಡತಿ ರಂಗೋಲಿ ಬಟ್ಟಲು ಹಿಡಿದು ಬಂದರು. ಮೆಟ್ಟಿಲ ಬುಡದಲ್ಲಿ ನೀರು ಚಿಮುಕಿಸಿ ಎಳೆ ಎಳೆದರು.

ಎಲ್ಲವೂ ಅಷ್ಟು ಬೇಗ ಸರಿಹೋಯಿತು ಎಂದಲ್ಲ. ನಮ್ಮ ವಠಾರದಾಚೆಯ ಓದುಗರಿಗೆ ಅಕ್ಕ ಮೆಟ್ಟಿಲಿಳಿದು ಬಂದದ್ದು ಗೊತ್ತಿರಲಿಲ್ಲವಲ್ಲ. ಎಲ್ಲೆಲ್ಲಿಂದಲೋ ಬೈದು ಬರೆದ ಕಾಗದಗಳನ್ನು ಪತ್ರಿಕೆಯವರು ಕಟ್ಟು ಕಟ್ಟಿ ಕಳಿಸಿದರು. ಯಾರೋ ಒಬ್ಬಾಕೆ ಕೊನೆಯ ಕಂತಿನ ಪುಟಗಳನ್ನು ಹರಿದು ಲಕೋಟೆಗೆ ತುಂಬಿ, ಒಂದಕ್ಷರವನ್ನೂ ಬರೆಯದೆ ವಾಪಸು ಕಳಿಸಿದ್ದಳು. "ಇವಳು ನನ್ನ ಕತೇನ ಎಷ್ಟು ಪ್ರೀತಿಸಿರ್ಬೇಕು ನೋಡು" ಅಂದರು ಅಕ್ಕ. ಸಂಪಾದಕರು ಮಾತಿನಂತೆ ಮುಂದಿನ ಧಾರಾವಾಹಿ ಕೇಳಿದರು. ಕೊನೆ ಏನೆಂದು ಮೊದಲೇ ಒಪ್ಪಿಸಬೇಕು ಎಂದರಂತೆ. ಅಕ್ಕ ಆಗುವುದಿಲ್ಲ ಅಂದರು. ಆಮೇಲೆ ಸಣ್ಣ ಕತೆಗಳನ್ನಷ್ಟೇ ಬರೆದರು. ಕೆಲವು ಅಚ್ಚಾದವು, ಹೆಚ್ಚಿನವು ವಾಪಸು ಬಂದವು. ಪಾತ್ರಗಳ ಮಾತು ಮತ್ತೆ ಕೆಳಗೆ ಕೇಳಿಸತೊಡಗಿತು, ಬೆರಳು ಮತ್ತೆ ಹಸಿರಾಯಿತು.

ಎಲ್ಲರಿಗಿಂತ ತಡವಾಗಿ ಕರಗಿದವರು ನಮ್ಮತ್ತೆ. ಮುಂದಿನ ಚಳಿಗಾಲ ಮಂಡಿಯಿಂದ ಮೊದಲ ಅವರೆಕಾಯಿ ಬಂದಾಗ ಒಂದು ಚೀಲ ತುಂಬಿಸಿ ನನ್ನ ಕೈಗೆ ಕೊಟ್ಟು, "ಮೇಲೆ ಕೊಟ್ಬುಟ್ ಬಾ. ವಸುಮತಿಗೆ ಅಂತ ಹೇಳು. ಅವಳೊಬ್ಬಳಿಗೇ" ಅಂದರು.

ಓನರ ಮಗಳು ಟೈಪಿಂಗ್ ಕಲಿತಳು. ಸೇರಿಸಿದವರು ಓನರೇ. ಪುಟಗಳನ್ನು ಬೈಂಡ್ ಮಾಡಿಸಲು ನಾವಿಬ್ಬರೂ ಬಳೇಪೇಟೆಗೆ ಹೋದೆವು. ಬೈಂಡರ್ ಹಾಳೆಗಳನ್ನು ಜೋಡಿಸಿ ನೋಡಿ, "ಕೊನೇ ಪುಟದಲ್ಲಿ 'ಮುಂದಿನ ವಾರ ಮುಕ್ತಾಯ' ಅಂತೈತಲ್ಲಮ್ಮ. ಆ ವಾರದ್ದೆಲ್ಲಿ?" ಎಂದ.

"ಆ ವಾರ ಪತ್ರಿಕೆ ಬರಲಿಲ್ಲ" ಅಂದಳು ಅವಳು.

ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿದ ರಟ್ಟಿನ ಆ ಪುಸ್ತಕವನ್ನು ಮೇಲೆ ಕೊಂಡೊಯ್ದು ಕೊಟ್ಟೆವು. ಅಕ್ಕ ನೇರವಾಗಿ ಹಿಂದಿನಿಂದ ತೆರೆದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತರು. "ನನಗಿಂತ ನೀವೇ ಚೆನ್ನಾಗಿ ಮುಗಿಸಿದೀರಿ" ಅಂದರು. ಆ ಪುಸ್ತಕ ಅವರ ಹತ್ತಿರವೇ ಉಳಿಯಿತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರು ಬಸವನಗುಡಿಯಲ್ಲೊಂದು ಪುಟ್ಟ ಮನೆಗೆ ಹೋಗಿದ್ದರು. ಹಾಸಿಗೆ ಹಿಡಿದ ಮೇಲೂ ದಿಂಬಿಗೆ ಒರಗಿ ಆಗೀಗ ನಾಲ್ಕು ಸಾಲು ಬರೆಯುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಓದಿ ಹೇಳುತ್ತಿದ್ದೆ. ಬೇರೆ ಏನು ತೆಗೆದರೂ ಬೇಡ ಎಂದು, ಆ ಕೆಂಪು ಪುಸ್ತಕವನ್ನೇ ತೋರಿಸುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಯಾವ ಒತ್ತಕ್ಷರದಲ್ಲೂ ಎಡವುವ ಭಯ ಉಳಿದಿರಲಿಲ್ಲ. 'ದಿಗ್ಭ್ರಮೆ' ಬಂದಾಗ ಮಾತ್ರ ಬೇಕೆಂದೇ ನಿಲ್ಲುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿಕೊಡುತ್ತಿದ್ದರು.

ಒಂದು ಸಂಜೆ ಕೊನೆಯ ಪುಟಕ್ಕೆ ಬಂದೆ. 'ಮುಂದಿನ ವಾರ ಮುಕ್ತಾಯ' ಎಂದು ಓದಿ ಪುಸ್ತಕ ಮುಚ್ಚಿದೆ. "ಆಮೇಲೆ?" ಅಂದರು ಅಕ್ಕ, ಉಸಿರಿಗಿಂತ ಸ್ವಲ್ಪವೇ ಜೋರಾಗಿ.

ಬಾಗಿಲಲ್ಲಿ ಓನರ ಮಗಳು ಚಪ್ಪಲಿ ಬಿಡುತ್ತಿದ್ದಳು. ಆಫೀಸಿನಿಂದ ನೇರ ಬಂದಿದ್ದಳು, ಹೆಗಲಲ್ಲಿ ಬ್ಯಾಗು, ಮುಖದ ತುಂಬ ಬೆವರು. "ಆಮೇಲೆ ಬಸ್ಸೇ ಬರಲಿಲ್ಲ ಅಕ್ಕ. ಕಾದು ಕಾದು ಸಾಕಾಗಿ ನಡ್ಕೊಂಡೇ ಬಂದ್ಬಿಟ್ಟೆ" ಅಂದಳು. ಅಕ್ಕನಿಗೆ ನಗು ಬಂತು. ದನಿಯಿಲ್ಲದ ಆ ನಗುವಿಗೆ ಹೊದಿಕೆಯೆಲ್ಲ ಅಲುಗಿತು.

ಮುಂದಿನ ವಾರ ನಾನು ಹೋಗುವಷ್ಟರಲ್ಲಿ ಅವರು ಹೋಗಿದ್ದರು. ಮುತ್ತೈದೆ ಎಂದು ಹೆಂಗಸರು ಅರಿಶಿನ ಹಚ್ಚಿ ಮೀಯಿಸುತ್ತಿದ್ದರು. ಯಾರೋ ಅವರ ಬಲಗೈ ಎತ್ತಿ, "ಈ ಬೆರಳಿಗೆ ಏನೋ ಹಸಿರು ಮೆತ್ತಿದೆ ನೋಡಿ, ಸ್ವಲ್ಪ ಸೀಗೆಪುಡಿ ಕೊಡಿ ಇಲ್ಲಿ" ಅಂದರು.

"ಅದನ್ನ ಬಿಡಿ. ಅದು ಹಾಗೇ ಇರ್ಲಿ" ಎಂದು ನಾನು ಆ ಕೈಯನ್ನು ತೆಗೆದುಕೊಂಡು ನನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ.